ಶುಕ್ರವಾರದ ಸ್ನಾನ

ತೊಳೆಯದೆ ಬಿಟ್ಟ ಪಾತ್ರೆಗಳು ಸಿಂಕಿನಲ್ಲಿ ಬಿದ್ದಿವೆ ಎಂಬ ಯೋಚನೆಯೇ ವಾಲ್ಡಾ ಟ್ರೆಲೋರಳನ್ನು ಬೆಳ್ಳಂಬೆಳಗ್ಗೆ ಎಬ್ಬಿಸಿತು. ಪಕ್ಕದಲ್ಲಿ ಗಂಡ ಲಿಂಡ್ಸೆ ಗೋಡೆಯ ಕಡೆ ಮುಖ ಮಾಡಿ, ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಬಿದ್ದಿರಲಿ ಬಿಡು, ಇವತ್ತೊಂದು ದಿನ, ಎಂದು ತನಗೆ ತಾನೇ ಹೇಳಿಕೊಂಡು ಮಗ್ಗುಲು ಬದಲಿಸಿದಳು. ಹಾಗೇ ಬಿಡುತ್ತೇನೆಂದು ಪಕ್ಕದ ಮನೆಯ ಊನಾಳಿಗೆ ಮಾತು ಕೊಟ್ಟಿದ್ದಳು. ನೆನ್ನೆ ಸಂಜೆ ಊನಾ ಬೇಲಿಯ ಮೇಲೆ ಎರಡೂ ಮೊಣಕೈ ಊರಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವಂತೆ ಹೇಳಿಕೊಟ್ಟಿದ್ದಳು: “ನೋಡು ವಾಲ್, ಆ ಸರ್ಕಾರದ ಹೆಂಗಸು ಒಳಗೆ ಕಾಲಿಡೋ ಹೊತ್ತಿಗೆ ಮನೆ ಹಂದಿಗೂಡಿನ ಥರ ಇರ್ಬೇಕು. ಗುಡಿಸ್ಬೇಡ. ತಲೆ ಬಾಚ್ಕೋಬೇಡ. ಲಿಂಡ್ಸೆ ಗಡ್ಡ ಹಾಗೇ ಇರ್ಲಿ. ಇನ್ನೊಂದು, ನನ್ನಾಣೆ, ಬಂದವಳಿಗೆ ಅಂತ ಸ್ಕೋನ್ ಮಾತ್ರ ಮಾಡ್ಬೇಡ. ಅಳದ ಮಗೂಗೆ ತಾಯೀನೂ ಹಾಲು ಕೊಡಲ್ಲ ಕಣೇ.” ಊನಾಳಿಗೆ ನಾಚಿಕೆ ಎಂಬುದು ಮೊದಲಿಂದಲೂ ಕಡಿಮೆ. ತನಗೆ ಎಷ್ಟು ಆರೈಕೆ ಬೇಕೆಂದು ಪರೀಕ್ಷಿಸಲು ಬಂದವಳ ಎದುರು ಅವಳು ಜಿಡ್ಡುಗಟ್ಟಿದ ತಲೆಯಲ್ಲಿ, ಮೊಟ್ಟೆಯ ಕಲೆಯಿದ್ದ ನೈಟಿಯಲ್ಲಿ ಕೂತು ಗೊಳೋ ಎಂದು ಅತ್ತಿದ್ದಳಂತೆ. ಈಗ ಅವಳ ಬೆನ್ನುಜ್ಜಲು ಜನ ಬರುತ್ತಾರೆ, ಬೇಕಿರಲಿ ಬೇಡದಿರಲಿ. ವಾಲ್ಡಾ ಅದನ್ನು ಕೇಳಿ ನಕ್ಕಿದ್ದಳು. ನಗುತ್ತಲೇ, ಇಂಥವಳ ಪಕ್ಕದಲ್ಲಿ ಬಂದು ಮನೆ ಮಾಡಿದೆನಲ್ಲ ಎಂದು ಒಳಗೊಳಗೇ ಹೇಸಿದ್ದಳು.

ಒಂದು ತಟ್ಟೆ ಮಾತ್ರ ತೊಳೆಯೋಣ ಎಂದುಕೊಂಡು ಎದ್ದಳು. ರಾತ್ರಿಯ ಕುರಿಮಾಂಸದ ಕೊಬ್ಬು ತಟ್ಟೆಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು, ಅಂಚಿಗೆ ಇರುವೆ ಹತ್ತಿತ್ತು. ಒಂದು ತೊಳೆದ ಮೇಲೆ ಇನ್ನೊಂದು ಯಾವ ಪಾಪ ಮಾಡಿತ್ತು? ಪಾತ್ರೆ ಮುಗಿದ ಮೇಲೆ ಸಿಂಕು, ಸಿಂಕಾದ ಮೇಲೆ ಒಲೆ, ಒಲೆಯಾದ ಮೇಲೆ ನೆಲ. ಸೊಂಟ ಹಿಡಿದುಕೊಂಡಿತು, ನಿಲ್ಲಿಸಲಿಲ್ಲ. ಅಪ್ಪ ತೀರಿಕೊಂಡ ದಿನ, ಹೆಣ ಒಯ್ಯುವವರು ಬರುವುದಕ್ಕೆ ಮುಂಚೆ, ಅಮ್ಮ ಮೊಣಕಾಲೂರಿ ಮುಂಬಾಗಿಲ ಮೆಟ್ಟಿಲು ಉಜ್ಜಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಬಕೆಟ್ಟಿನಲ್ಲಿತ್ತು. ‘ಬಂದವರು ಏನಂದುಕೊಂಡಾರು’ ಎಂದಷ್ಟೇ ಹೇಳಿದಳು. ಹನ್ನೊಂದು ವರ್ಷದ ವಾಲ್ಡಾ ಎರಡನೆಯ ಮೆಟ್ಟಿಲ ಮೇಲೆ ನಿಂತು, ಇದೇ ದುಃಖ ಇರಬೇಕು, ದೊಡ್ಡವರು ಹೀಗೇ ದುಃಖಪಡುತ್ತಾರೆ ಎಂದುಕೊಂಡಿದ್ದಳು. ಈಗ ಬಚ್ಚಲಿನ ಟೈಲ್ಸುಗಳ ಸಂದನ್ನು ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕುತ್ತಾ, ತಾನು ಮಾಡುತ್ತಿರುವುದು ಏನು ಎಂಬುದು ಅವಳಿಗೆ ಪೂರ್ತಿ ಗೊತ್ತಿತ್ತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದೂ ತಿಕ್ಕಿದಳು. ಅತಿಥಿಗಳಿಗೆಂದು ಇಟ್ಟಿದ್ದ ಕಸೂತಿಯ ಟವೆಲ್ ತೆಗೆದು ನೇತುಹಾಕಿದಳು. ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಓವನ್ ಕಾಯುತ್ತಿತ್ತು, ಸ್ಕೋನೆಂಬ ಪುಟ್ಟ ಬನ್ನುಗಳಿಗೆ ಹಿಟ್ಟು ಕಲೆಸಿ ಆಗಿತ್ತು.

ಕಾನೂನು ಬದಲಾಗದಿದ್ದರೆ ಇದಾವುದೂ ಬೇಕಿರಲಿಲ್ಲ. ಈ ಕೂರಾಂಗ ವಿಲೇಜು ವಯಸ್ಸಾದವರಿಗೆಂದೇ ಕಟ್ಟಿದ ಬಡಾವಣೆ, ಇರುವವರೆಲ್ಲ ಮುದುಕರೇ. ಸಾಲುಸಾಲು ಇಟ್ಟಿಗೆ ಮನೆ, ಮನೆಗೊಂದು ಗುಲಾಬಿ ಗಿಡ, ಶುಕ್ರವಾರ ಸಂಜೆ ಹಾಲ್‌ನಲ್ಲಿ ಎಲ್ಲರೂ ತಂತಮ್ಮ ಬಾಟಲಿ ಹಿಡಿದು ಸೇರುವ ರೂಢಿ. ಆಫೀಸಿನ ಗ್ಲೆನಿಸ್ ಮೊದಲು ಎಲ್ಲರ ಮನೆಗೂ ಹೋಗಿಬರುತ್ತಿದ್ದಳು. ಮಂಗಳವಾರ, ಶುಕ್ರವಾರ ತೋಳು ಮಡಚಿಕೊಂಡು ಬಂದು, ‘ಏಳಿ ಯಜಮಾನರೇ, ದನ ತೊಳೆಯೋ ಹೊತ್ತಾಯ್ತು’ ಎಂದು ಲಿಂಡ್ಸೆಯನ್ನು ನಗಿಸುತ್ತಾ ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ವಾಲ್ಡಾಗೆ ಒಳಗೆ ಏನು ನಡೆಯುತ್ತದೆ ಎಂಬುದನ್ನೇ ನೋಡಬೇಕಿರಲಿಲ್ಲ. ಹೊರಗೆ ಟೀ ಮಾಡುತ್ತಾ ನೀರಿನ ಸದ್ದು, ಅವರ ನಗು ಕೇಳಿದರೆ ಸಾಕಿತ್ತು. ಹೊಸ ಕಾನೂನು ಬಂತು. ಮುದುಕರ ಘನತೆ ಕಾಪಾಡುವ ಕಾನೂನು. ಹಾಲ್‌ನ ಗೋಡೆಗೆ ದೊಡ್ಡ ಬಣ್ಣದ ಹಾಳೆ ಅಂಟಿತು, ನಿಮ್ಮ ಹಕ್ಕುಗಳು ಎಂದು. ಅದೇ ವಾರ ಆಫೀಸಿನವರು ಗ್ಲೆನಿಸ್‌ಗೆ ಯಾರ ಮೈಯನ್ನೂ ಮುಟ್ಟಕೂಡದೆಂದರು. ನಾವು ಮನೆ ಕೊಡುವವರು, ಆರೈಕೆ ಮಾಡುವವರಲ್ಲ. ಆರೈಕೆ ಬೇಕಾದವರು ಸರ್ಕಾರದ ಪರೀಕ್ಷೆಗೆ ಕೂತು, ದರ್ಜೆ ಪಡೆದು, ಹೊರಗಿನವರನ್ನು ಕರೆಸಿಕೊಳ್ಳಬೇಕು. ಗ್ಲೆನಿಸ್ ಈಗ ಬೆಳಿಗ್ಗೆ ಬಾಗಿಲ ಕಾರ್ಡು ನೋಡಿಕೊಂಡು ಹೋಗುತ್ತಾಳೆ, ಅಷ್ಟೆ. ಎದ್ದ ತಕ್ಷಣ ಎಲ್ಲರೂ ಬಾಗಿಲ ಹಿಡಿಕೆಗೆ ಹಸಿರು ಕಾರ್ಡು ತೂಗುಹಾಕಬೇಕು, ‘ನಾವು ಚೆನ್ನಾಗಿದ್ದೇವೆ’ ಎಂದು. ಹಾಕದಿದ್ದರೆ ಫೋನು ಬರುತ್ತದೆ. ವಾಲ್ಡಾಗೆ ಈವರೆಗೆ ಒಮ್ಮೆಯೂ ಫೋನು ಬಂದಿಲ್ಲ, ಅದು ಅವಳ ಹೆಮ್ಮೆ.

ಹೋದ ಶುಕ್ರವಾರವೂ ಕಾರ್ಡು ತೂಗುತ್ತಲೇ ಇತ್ತು. ಮರೆವು ಹತ್ತಿದ ಲಿಂಡ್ಸೆಗೆ ಈಗ ವಾಲ್ಡಾಳೇ ಸ್ನಾನ ಮಾಡಿಸುತ್ತಿದ್ದಳು, ಶಾಂಪೂ ಅವನ ಕಣ್ಣಿಗಿಳಿದಿತ್ತು. ‘ಯಾರೇ ನೀನು, ಬಿಡೇ, ಕೈ ತೆಗಿಯೇ’ ಎಂದು ಕೂಗುತ್ತಾ ಅವಳ ಮುಂಗೈ ಹಿಡಿದು ತಿರುಚಿದ. ಎಂಬತ್ತಮೂರು ವರ್ಷ, ಆದರೂ ಸಂತೆಯಲ್ಲಿ ಟಗರಿನ ಕೊಂಬು ಹಿಡಿದ ಕೈ. ಅವಳ ಕಾಲು ಜಾರಿತು, ಮೊಣಕಾಲು ಬಚ್ಚಲ ಕಟ್ಟೆಯ ಅಂಚಿಗೆ ಬಡಿಯಿತು. ಎದ್ದವಳೇ ಹೊಡೆದಳು. ಒದ್ದೆ ಕೆನ್ನೆಯ ಮೇಲೆ ಬಿದ್ದ ಏಟಿನ ಸದ್ದು ಆ ಸಣ್ಣ ಕೋಣೆಯಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ, ಪಕ್ಕದ ಮನೆಯ ಟೀವಿ ನಿಂತಂತಾಯಿತು. ಅವನು ಸುಮ್ಮನಾದ. ಅದೇ ಅವಳನ್ನು ಇಂದಿಗೂ ಸುಡುತ್ತಿರುವುದು. ಅವನು ಸುಮ್ಮನಾಗಿದ್ದರಿಂದ ಕೆಲಸ ಸುಲಭವಾಯಿತು, ಅದು ಅವಳಿಗೆ ಹಿತವಾಗಿತ್ತು. ಟವೆಲ್ ಸುತ್ತಿ ಹೊರಗೆ ಕರೆತಂದಾಗ ಅವನಿಗೆ ಏನೂ ನೆನಪಿರಲಿಲ್ಲ, ಟೀಗೆ ಬಿಸ್ಕತ್ತು ಕೇಳಿದ. ಪುಣ್ಯ, ನೆನಪಿಲ್ಲ, ಎಂದುಕೊಂಡಳು. ಐವತ್ತೇಳು ವರ್ಷ ಸಂಸಾರ ಮಾಡಿದ ಗಂಡನಿಗೆ ನೆನಪಿಲ್ಲವೆಂದು ಸಂತೋಷಪಟ್ಟಳು. ಮಂಗಳವಾರ ಸ್ನಾನ ಮಾಡಿಸುವ ಧೈರ್ಯವಾಗದೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಬಿಟ್ಟಳು. ಅವಳಿಗೆ ಭಯವಿದ್ದದ್ದು ಅವನ ಬಗ್ಗೆಯಲ್ಲ, ತನ್ನ ಬಲಗೈಯ ಬಗ್ಗೆ. ಇವತ್ತು ಬರುವವಳು ಸ್ನಾನಕ್ಕೆ ಜನ ಕೊಟ್ಟರೆ ಆ ಕೈ ಮತ್ತೆ ಬಚ್ಚಲಿಗೆ ಹೋಗಬೇಕಿಲ್ಲ. ಕೊಡದಿದ್ದರೆ ಇವಳೇ ತೊಳೆಯಬೇಕು, ಆಗದಿದ್ದರೆ ಅವನನ್ನು ನರ್ಸಿಂಗ್ ಹೋಮಿಗೆ ಕಳಿಸಬೇಕು. ಹತ್ತಿರದಲ್ಲಿ ಎಲ್ಲೂ ಹಾಸಿಗೆಯಿಲ್ಲ, ಇದ್ದರೆ ದೂರದ ಸ್ವಾನ್ ಹಿಲ್‌ನಲ್ಲಿ. ಅಷ್ಟು ದೂರ ಕಾರು ಓಡಿಸುವ ಕಣ್ಣು ಅವಳಿಗೆ ಉಳಿದಿಲ್ಲ.

ಆದರೂ ಅವನ ಗಡ್ಡ ಹೆರೆದಳು. ಬಿಳೀ ಅಂಗಿ ಹಾಕಿದಳು, ಹರಾಜುಗಾರರ ಸಂಘದವರು ಕೊಟ್ಟ ಟೈ ಕಟ್ಟಿದಳು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಲಿಂಡ್ಸೆ, “ಇವತ್ತು ಕುರಿ ಸಂತೆನಾ, ದನದ್ದಾ?” ಎಂದ.

“ಒಬ್ಬರು ನೋಡೋಕೆ ಬರ್ತಿದಾರೆ.”

“ಏನನ್ನ ನೋಡೋಕೆ?”

“ನಿನ್ನನ್ನ.”

“ಹಂಗಾದ್ರೆ ಹಲ್ಲು ಹಾಕು,” ಎಂದ. “ಹಲ್ಲು ನೋಡ್ದೆ ಯಾರು ತಗೋತಾರೆ?” ಅವಳಿಗೆ ನಗು ಬಂತು. ಇಂಥ ಕ್ಷಣಗಳಲ್ಲಿ ಅವನು ಪೂರ್ತಿ ಅವನೇ. ಬಿಸಿಲ ಬೇಗೆಯಲ್ಲಿ, ಧೂಳಿನಲ್ಲಿ, ದೊಡ್ಡಿಗಳ ಮೇಲಿನ ಹಲಗೆಯ ಮೇಲೆ ನಡೆಯುತ್ತಾ ಕುರಿ ದನಗಳ ಹರಾಜು ಕೂಗುವವನು. ಜನರ ನಡುವೆ ಯಾರೋ ಒಂದು ಬೆರಳೆತ್ತಿದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಮದುವೆಗೆ ಮುಂಚೆ ಒಮ್ಮೆ ಅವಳು ಕೆನ್ನೆಯ ಮೇಲಿನ ನೊಣ ಓಡಿಸಲು ಕೈಯೆತ್ತಿದಾಗ, ‘ನೀಲಿ ಟೋಪಿಯ ಹುಡುಗಿಗೆ ಇಪ್ಪತ್ತು ಟಗರು’ ಎಂದು ಎಲ್ಲರೆದುರು ಕೂಗಿ ಅವಳ ಮಾನ ಕಳೆದಿದ್ದ. ಅವಳ ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದನೋ. ಅವಳಂತೂ ಅವತ್ತೇ ಸೋತಿದ್ದಳು.

ಬಂದವಳ ಹೆಸರು ಟೆಗನ್. ನಲವತ್ತರ ಆಸುಪಾಸು, ಬಿಸಿಲಲ್ಲಿ ಕಾರು ಓಡಿಸಿ ಕೆಂಪಾದ ಮುಖ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್. ‘ಮಿಸೆಸ್ ಟ್ರೆಲೋರ್’ ಅನ್ನಲಿಲ್ಲ. ಬಾಗಿಲಲ್ಲೇ ‘ನಮಸ್ಕಾರ ವಾಲ್ಡಾ’ ಎಂದು, ಬಾಲ್ಯದ ಗೆಳತಿಯಂತೆ ಒಳಗೆ ಬಂದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ವಾಸಿಯಿತ್ತು. ಕೂತವಳು ಮೊದಲು ಹಕ್ಕುಗಳನ್ನು ಓದಿದಳು, ಮದುವೆ ಮಂತ್ರ ಓದಿದಷ್ಟು ಬೇಗ. ಓದಿ ಮುಗಿಸಿ, “ಇನ್ನೊಂದು ಹೇಳ್ಬಿಡ್ತೀನಿ, ಎಲ್ಲರಿಗೂ ಹೇಳ್ತೀನಿ. ಮನೇಲಿ ಯಾರಿಗಾದ್ರೂ ಹೊಡೆಯೋದು, ಹಿಂಸೆ ಕೊಡೋದು, ಅಂಥದ್ದು ನನ್ನ ಕಿವಿಗೆ ಬಿದ್ರೆ ನಾನು ಸುಮ್ನಿರೋ ಹಾಗಿಲ್ಲ, ಮೇಲಿನವರಿಗೆ ತಿಳಿಸ್ಲೇಬೇಕು. ಬೇಜಾರು ಮಾಡ್ಕೋಬೇಡಿ,” ಎಂದಳು.

“ಇಲ್ಲಪ್ಪ, ಬೇಜಾರೇನು,” ಎಂದಳು ವಾಲ್ಡಾ. ಅವಳ ಬಲಗೈ ತಾನಾಗಿಯೇ ಏಪ್ರನ್ನಿನ ಜೇಬಿಗೆ ಹೋಯಿತು.

“ಲಿಂಡ್ಸೆ, ಹೇಗಿದೀರಾ?”

“ನನ್ನದೇನೂ ದೂರಿಲ್ಲಮ್ಮ,” ಎಂದ ಲಿಂಡ್ಸೆ. ಹೇಗಿದ್ದೀಯೆಂದು ಯಾರು ಕೇಳಿದರೂ ಅವನು ಕೊಡುತ್ತಾ ಬಂದ ಉತ್ತರ ಅದೊಂದೇ. ಬರಗಾಲದಲ್ಲಿ ಮೇವಿಲ್ಲದ ಕುರಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆದ ವರ್ಷವೂ ಅದೇ, ಅವರ ಒಬ್ಬಳೇ ಮಗಳು ಕ್ಯಾನ್ಸರಿನಲ್ಲಿ ಹೋದ ವರ್ಷವೂ ಅದೇ. ಈ ಕಡೆಯ ಜನವೇ ಹಾಗೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಲ್ಲು ಕಚ್ಚಿಕೊಂಡು ಸತ್ತಾರೆಯೇ ಹೊರತು ನೋವೆಂದು ಅನ್ನರು. ಟೆಗನ್ ತೆರೆಯ ಮೇಲೆ ಬೆರಳಿಟ್ಟು ಏನೋ ಒತ್ತಿದಳು. ಅಯ್ಯೋ, ಅದನ್ನು ಉತ್ತರವೆಂದುಕೊಂಡಳೇ ಈಕೆ, ಎಂದು ವಾಲ್ಡಾಗೆ ದಿಗಿಲಾಯಿತು.

“ಊಟ ನೀವೇ ಮಾಡ್ತೀರಾ, ಯಾರಾದ್ರೂ ತಿನ್ನಿಸ್ಬೇಕಾ?”

“ತಿನ್ನಿಸೋದಾ? ನೋಡಮ್ಮ ಇಲ್ಲಿ,” ಎಂದು ಲಿಂಡ್ಸೆ ಸ್ಕೋನಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಬೆನ್ನು ನೆಟ್ಟಗಾಯಿತು. ದನಿ ಎದೆಯಾಳದಿಂದ, ಹಳೇ ದನಿ, ಗೋಡೆಗೆ ಬಡಿದು ವಾಪಸು ಬಂತು. “ಬನ್ನಿ ಸ್ವಾಮೀ ಬನ್ನಿ! ಈಗ ತಾನೇ ಒಲೆಯಿಂದಿಳಿದ ಮಾಲು! ಮೇಲೆ ಜಾಮು, ಅದರ ಮೇಲೆ ಕೆನೆ! ಏನು ಕೊಡ್ತೀರಿ ಏನು ಕೊಡ್ತೀರಿ, ಆ ಕೆಂಪು ಮುಖದ ಹೆಣ್ಮಗಳು ಏನಂತಾಳೆ, ಒಂದ್ಸಲ! ಎರಡ್ಸಲ!” ಟೆಗನ್ ನಗುತ್ತಾ ಕೈಯೆತ್ತಿದಳು. “ಹೋಯ್ತು!” ಎಂದು ಅವನು ತೊಡೆಗೆ ಬಡಿದ. ಟೆಗನ್‌ಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ವಾಲ್ಡಾ ಕೂಡ ನಕ್ಕಳು. ಇಡೀ ವಾರ ಒಂದು ಚಮಚ ಎಂದರೇನೆಂದು ತಿಳಿಯದೆ ಸೂಪಿಗೆ ಬೆರಳದ್ದುತ್ತಿದ್ದ ಮನುಷ್ಯ ಇವನೇ ಏನು? ಹಾಳಾದವನೇ, ಇವತ್ತೇ ಏಕೆ, ಎಂದು ಒಳಗೆ ಕೂಗಿಕೊಂಡಳು. ಜೊತೆಗೇ, ನೋಡು ತಾಯಿ, ನನ್ನ ಗಂಡ ಹೇಗಿದ್ದಾನೆ ನೋಡು, ಎಂದು ಎದೆ ಉಬ್ಬಿತು. ಎರಡೂ ನಿಜವಾಗಿತ್ತು.

“ಸ್ನಾನ?” ಎಂದಳು ಟೆಗನ್ ತುಟಿಯ ಕೆನೆ ಒರೆಸಿಕೊಳ್ಳುತ್ತಾ.

“ನಾನೇ ಮಾಡ್ಕೋತೀನಿ. ಇನ್ಯಾರು ಮಾಡಿಸ್ತಾರೆ?” ಎಂದು ಲಿಂಡ್ಸೆ ಅವಮಾನವಾದವನಂತೆ ಹುಬ್ಬೇರಿಸಿದ. ಇಬ್ಬರೂ ವಾಲ್ಡಾಳನ್ನು ನೋಡಿದರು. ಈಗ ಹೇಳಬೇಕು. ಇಲ್ಲ, ಇವನಿಗೆ ಅಂಗಿಯ ಗುಂಡಿ ಬಿಚ್ಚಲು ಬರುವುದಿಲ್ಲ, ನೀರು ಕಂಡರೆ ಹೆದರುತ್ತಾನೆ, ನನ್ನನ್ನು ಯಾರೆಂದು ಕೇಳುತ್ತಾನೆ. ಟೈ ಕಟ್ಟಿಕೊಂಡು ಕೂತ ಗಂಡನ ಎದುರೇ ಹೇಳಬೇಕು. ಹೇಳಿದರೆ ಮುಂದಿನ ಪ್ರಶ್ನೆ ಏನಿರುತ್ತದೆ? ಹೆದರಿದಾಗ ಏನು ಮಾಡುತ್ತಾನೆ, ಆಗ ನೀವು ಏನು ಮಾಡುತ್ತೀರಿ, ವಾಲ್ಡಾ?

“ನಾನು... ಪಕ್ಕದಲ್ಲಿ ನಿಂತಿರ್ತೀನಿ,” ಎಂದಳು. “ಜಾರೀತು ಅಂತ.”

ಬೆರಳು ತೆರೆಯ ಮೇಲೆ ಆಡಿತು. ಪಕ್ಕದಲ್ಲಿ ನಿಂತರೆ ಸಾಕು ಎಂಬುದಕ್ಕೂ ಅಲ್ಲಿ ಗುರುತು ಹಾಕಲು ಒಂದು ಚೌಕ ಇತ್ತೆಂದು ಕಾಣುತ್ತದೆ.

ಬಚ್ಚಲು ತೋರಿಸಿ ಎಂದಳು ಟೆಗನ್. ಒಳಗೆ ಬಂದವಳು ಹೊಳೆಯುವ ಟೈಲ್ಸು, ಕಸೂತಿಯ ಟವೆಲ್, ನಲ್ಲಿಯಲ್ಲಿ ಕಾಣುವ ತನ್ನದೇ ಮುಖ, ಎಲ್ಲವನ್ನೂ ನೋಡಿ, “ನಮ್ಮನೆ ನೋಡಿದ್ರೆ ನೀವು ನನ್ನನ್ನ ಒದ್ದು ಓಡಿಸ್ತೀರಿ,” ಎಂದಳು. ಆಮೇಲೆ ಬಾಗಿಲನ್ನು ಅರ್ಧ ಮುಚ್ಚಿ ದನಿ ತಗ್ಗಿಸಿದಳು. “ವಾಲ್ಡಾ, ಅವರ ಮುಂದೆ ಹೇಳೋಕಾಗ್ದೇ ಇರೋದು ಏನಾದ್ರೂ ಇದ್ರೆ ಈಗ ಹೇಳಿ. ನಾನು ಬೇಕಾದಷ್ಟು ಮನೆ ನೋಡಿದೀನಿ. ಇಲ್ಲಿ ನೀವು ಹೇಳಿದ್ದನ್ನ ನಾನು ಈ ಟ್ಯಾಬ್ಲೆಟ್‌ಗೆ ಹಾಕ್ತೀನಿ, ದರ್ಜೆ ಇದೇ ಕೊಡುತ್ತೆ. ನಾನಲ್ಲ. ಆಮೇಲೆ ಬದಲಾಯ್ಸೋಕೆ ನನ್ನ ಕೈಲೂ ಆಗಲ್ಲ, ನನ್ನ ಮೇಲಿನವರ ಕೈಲೂ ಆಗಲ್ಲ.” ಆ ಮುಖದಲ್ಲಿ ನಿಜವಾದ ದಯೆ ಇತ್ತು. ಕೋಣೆ ಎಷ್ಟು ಚಿಕ್ಕದೆಂದರೆ ಇಬ್ಬರ ಮೊಣಕೈ ತಾಗುತ್ತಿತ್ತು. ಹೋದ ಶುಕ್ರವಾರ ಅವನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಇವರಿಬ್ಬರ ನಡುವೆ ಖಾಲಿ ಇತ್ತು. ವಾಲ್ಡಾ ಬಾಯಿ ತೆರೆದಳು. ನಾಲಗೆಯ ತುದಿಯವರೆಗೆ ಬಂದಿತ್ತು. ಹೇಳಿದರೆ ಈ ಹೆಂಗಸಿನ ಮುಖ ಬದಲಾಗುತ್ತದೆ, ಸ್ವಲ್ಪವೇ, ಕಣ್ಣ ಸುತ್ತ. ಆ ಬದಲಾವಣೆ ಕಾರು ಹತ್ತಿ ಆಫೀಸಿಗೆ ಹೋಗುತ್ತದೆ, ಅಲ್ಲಿಂದ ಗ್ಲೆನಿಸ್‌ಗೆ, ಊನಾಳಿಗೆ, ಹಾಲ್‌ಗೆ. ಗಂಡನಿಗೆ ಹೊಡೆಯುವವಳು. ಸಂಜೆ ಬಾಟಲಿ ಹಿಡಿದು ಒಳಗೆ ಹೋದರೆ ಮಾತು ನಿಲ್ಲುತ್ತದೆ. ಮರುದಿನವೇ ಅವನನ್ನು ಕರೆದೊಯ್ಯುತ್ತಾರೆ.

“ಏನೂ ಇಲ್ಲ ಕಣಮ್ಮ,” ಎಂದಳು. “ನಾವು ಹೇಗೋ ನಿಭಾಯಿಸ್ಕೊಂಡು ಹೋಗ್ತೀವಿ.”

ಟೆಗನ್ ಇನ್ನೂ ಒಂದು ಗಳಿಗೆ ಅವಳನ್ನೇ ನೋಡಿದಳು. ಕೇಳಲಿ, ಇನ್ನೊಂದು ಸಲ ಕೇಳಲಿ, ಎಂದು ವಾಲ್ಡಾ ಉಸಿರು ಹಿಡಿದಳು. ಟೆಗನ್ ಬಾಗಿಲು ತೆರೆದಳು.

ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಫಲಿತಾಂಶ ಆಮೇಲೆ ಬರುತ್ತೆ. ಆದ್ರೆ ನನ್ನ ಅನುಭವದಲ್ಲಿ ಹೇಳೋದಾದ್ರೆ, ಸ್ನಾನಕ್ಕೆ ಜನ ಸಿಗಲ್ಲ ಅನ್ಸುತ್ತೆ. ಬಚ್ಚಲ ಗೋಡೆಗೊಂದು ಹಿಡಿಕೆ ಹಾಕಿಸ್ಕೊಡ್ತಾರೆ. ಮನೆ ಕ್ಲೀನ್ ಮಾಡೋಕೆ ಹದಿನೈದು ದಿನಕ್ಕೊಮ್ಮೆ ಒಬ್ರು ಬರ್ತಾರೆ. ಒಳ್ಳೇ ಸುದ್ದಿನೇ ಅಲ್ವಾ? ಅಷ್ಟು ಚೆನ್ನಾಗಿದೀರಾ ಅಂತ ತಾನೇ,” ಎಂದಳು. ವಾಲ್ಡಾ ಥ್ಯಾಂಕ್ಸ್ ಹೇಳಿದಳು. ಎರಡು ಸ್ಕೋನನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟಳು. ಕ್ಲೀನ್ ಮಾಡಲು ಬರುವವರು ಬರುವ ಮುನ್ನ ತಾನು ಇಡೀ ಮನೆ ಕ್ಲೀನ್ ಮಾಡಿಟ್ಟಿರುತ್ತೇನೆ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

ಕಾರು ತಿರುಗುವುದನ್ನೇ ಕಾಯುತ್ತಿದ್ದ ಊನಾ ಬೇಲಿಗೆ ಬಂದಳು. “ಏನಾಯ್ತೇ?”

“ಗುಡಿಸೋಕೆ ಜನ ಕೊಡ್ತಾರಂತೆ.”

ಊನಾ ಮೂಗರಳಿಸಿ ಗಾಳಿ ಹಿಡಿದಳು. “ಸ್ಕೋನ್ ಮಾಡಿದ್ಯಾ?”

ವಾಲ್ಡಾ ಏಪ್ರನ್ನಿಗೆ ಅಂಟಿದ್ದ ಹಿಟ್ಟು ಕೊಡವಿದಳು.

“ಥೂ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಷ್ಟು ಬಡ್ಕೊಂಡ್ನಲ್ಲೇ! ಮಾನ ಅಂತೆ ಮಾನ. ನಾನೇನು ಖುಷಿಯಿಂದ ಅತ್ತೆ ಅನ್ಕೊಂಡ್ಯಾ ಆ ಮುಂಡೇದರ ಮುಂದೆ?” ಎಂದ ಊನಾಳ ಗಲ್ಲ ಸಣ್ಣಗೆ ಅದುರಿತು. ಅವಳು ಸರ್ರನೆ ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅತ್ತದ್ದು ನಾಟಕವಾಗಿರಲಿಲ್ಲ ಎಂಬುದು ವಾಲ್ಡಾಗೆ ಆಗ ಹೊಳೆಯಿತು. ನಾಚಿಕೆಯಿಲ್ಲದವಳೆಂದು ತಾನು ಹೇಸಿದ್ದು ನೆನಪಾಗಿ, ಮುಚ್ಚಿದ ಆ ಬಾಗಿಲಿಗೆ ಏನಾದರೂ ಹೇಳಬೇಕೆನ್ನಿಸಿತು. ಬೇಲಿಯಿಂದ ಕೈ ತೆಗೆದು ಒಳಗೆ ಬಂದಳು.

ಲಿಂಡ್ಸೆ ಕೂತಲ್ಲೇ ಕೂತಿದ್ದ. ಟೈ ಸಡಿಲವಾಗಿತ್ತು, ಮುಖದ ಬೆಳಕು ಆರಿತ್ತು, ಬಾಯಂಚಿನಲ್ಲಿ ಜಾಮು ಒಣಗಿತ್ತು. ಕೈಹಿಡಿದು ಎಬ್ಬಿಸಿದಾಗ ವಾಸನೆ ಬಡಿಯಿತು. ಕುರ್ಚಿಯ ದಿಂಬು ಪೂರ್ತಿ ನೆನೆದಿತ್ತು, ಪ್ಯಾಂಟು ತೊಡೆಗಂಟಿಕೊಂಡಿತ್ತು, ಒಂದು ಕಡೆ ಆಗಲೇ ತಣ್ಣಗಾಗಿತ್ತು. ಹರಾಜು ಕೂಗಿದ್ದು, ತೊಡೆಗೆ ಬಡಿದದ್ದು, ದೂರಿಲ್ಲಮ್ಮ ಅಂದದ್ದು, ಎಲ್ಲ ಅದರ ಮೇಲೆ ಕೂತೇ. ಅವನು ಅದನ್ನು ಮುಚ್ಚಿಕೊಂಡು ಕೂತಿದ್ದನೋ, ತಿಳಿಯದೆಯೇ ಕೂತಿದ್ದನೋ? ಟೆಗನ್ ಅವನನ್ನು ಒಂದೇ ಒಂದು ಸಲ ಎದ್ದು ನಿಲ್ಲಿ ಎಂದಿದ್ದರೆ ಸಾಕಿತ್ತು. ಬೀದಿಯ ಕೊನೆಗೆ ಓಡಿ ಹೋಗಿ ಕಾರು ನಿಲ್ಲಿಸಿ, ಬಾ, ವಾಪಸು ಬಾ, ಈ ದಿಂಬು ಮೂಸಿ ನೋಡು, ಇದನ್ನು ನಿನ್ನ ಯಂತ್ರಕ್ಕೆ ಹಾಕು, ಎಂದು ಕಿರುಚಬೇಕೆನ್ನಿಸಿತು. ಅವಳು ದಿಂಬನ್ನು ಎತ್ತಿ ಹಿತ್ತಲಿಗೆ ಒಯ್ದಳು, ಯಾರ ಕಣ್ಣಿಗೂ ಬೀಳದಂತೆ ನೀರಿನ ತೊಟ್ಟಿಯ ಹಿಂದೆ ಒಣಹಾಕಿದಳು.

ಇನ್ನು ಒರೆಸಿ ಬಿಡುವ ಹಾಗಿರಲಿಲ್ಲ. ತೊಳೆಯಲೇಬೇಕಿತ್ತು. ಬಟ್ಟೆ ಬಿಚ್ಚುವಾಗ ಅವನು ತಕರಾರು ಮಾಡಲಿಲ್ಲ. ಮೊದಲು ಈ ಕಾಲು, ಆಮೇಲೆ ಆ ಕಾಲು ಎಂದರೆ ಹಾಗೇ ಎತ್ತಿದ. ಬೆಳಿಗ್ಗೆ ತಿಕ್ಕಿದ ಟೈಲ್ಸಿನ ಮೇಲೆ ಅವನ ಒದ್ದೆ ಕಾಲಿನ ಗುರುತು ಮೂಡಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು. ಇವತ್ತು ಸಿಟ್ಟು ಬರಬಾರದು, ಎಂದು ತನ್ನ ಕೈಗೆ ಹೇಳಿದಳು. ನಿಧಾನ. ಶಾಂಪೂ ಬೇಡ, ಸೋಪು ಸಾಕು. ಗ್ಲೆನಿಸಳ ಹಾಗೆ ತಮಾಷೆ ಮಾಡಿ ನೋಡೋಣವೆಂದು, “ಯಜಮಾನರೇ, ದನ ತೊಳೆಯೋ ಹೊತ್ತಾಯ್ತು,” ಎಂದಳು. ಅವನು ನಗಲಿಲ್ಲ. ಅವಳ ದನಿಯಲ್ಲಿ ಆ ಮಾತು ಸತ್ತೇ ಹುಟ್ಟಿತು. ಹೊರಗೆ ಯಾರೋ ಹಾಲ್‌ನ ಕುರ್ಚಿಗಳನ್ನು ಸಂಜೆಗೆಂದು ಎಳೆದು ಸಾಲಾಗಿ ಹಾಕುತ್ತಿದ್ದರು. ಎಲ್ಲವೂ ಸರಿಹೋಗಬಹುದು ಎಂದು ಒಂದು ಕ್ಷಣ ಅನ್ನಿಸಿತು.

ತಲೆಯ ಮೇಲಿನ ಷವರ್ ತಿರುಗಿಸಲು ಅವಳು ಬಲಗೈ ಮೇಲೆತ್ತಿದಳು.

ಲಿಂಡ್ಸೆಯ ಎರಡೂ ತೋಳು ಥಟ್ಟನೆ ಮುಖಕ್ಕೆ ಅಡ್ಡ ಬಂದವು. ತಲೆ ಭುಜಗಳ ನಡುವೆ ಹುದುಗಿತು. ಇಡೀ ಸಂತೆಯಲ್ಲಿ ಒಂದು ಬೆರಳೆದ್ದರೂ ನೋಡುತ್ತಿದ್ದ ಕಣ್ಣು ತೋಳಿನ ಸಂದಿನಿಂದ ಅವಳ ಕೈಯನ್ನೇ ನೋಡುತ್ತಿತ್ತು. ಹೆಂಡತಿಯ ಹೆಸರು ಮರೆತಿದ್ದ, ಮಗಳು ಸತ್ತದ್ದು ಮರೆತಿದ್ದ, ಚಮಚ ಮರೆತಿದ್ದ. ಇದೊಂದನ್ನು ಅವನ ಮೈ ಇಟ್ಟುಕೊಂಡಿತ್ತು. ವಾಲ್ಡಾ ಎತ್ತಿದ ಕೈಯನ್ನು ಇಳಿಸಲಾರದೆ, ಚಾಚಲಾರದೆ ಹಾಗೇ ನಿಂತಳು.

“ನಾನು ಕಣೋ,” ಎಂದಳು. “ಲಿಂಡ್ಸೆ, ನಾನು, ವಾಲ್.”

ಅವನು ತೋಳನ್ನು ಸ್ವಲ್ಪ ಇಳಿಸಿ, ಸರ್ಕಾರದಿಂದ ಬಂದ ಅಪರಿಚಿತಳನ್ನು ನೋಡುವಂತೆ ಅವಳನ್ನು ನೋಡಿದ. ಸಿಟ್ಟು ಮಾಡಿಸಬಾರದೆಂದು ಬಹಳ ಮರ್ಯಾದೆಯಿಂದ ನಕ್ಕ.

“ನನ್ನದೇನೂ ದೂರಿಲ್ಲಮ್ಮ,” ಎಂದ.